ದಾನಿಗಳ ಹೆಸರಿಗೆ ಜಾಗ ಬಿಡದ ಪುಸ್ತಕದ ಲೇಖಕರಿಗೆ

ಸಮುದ್ರದಾಚೆಯ ಮಾನ್ಯರೇ,

ಬೈಲಹೊಂಗಲದಿಂದ ತಮ್ಮೆಲ್ಲರಿಗೂ ಸವಿನಯ ನಮಸ್ಕಾರಗಳು. ತಾವು ಏಳೂ ಜನ ಯಾವ ಯಾವ ಊರಿನಲ್ಲಿದ್ದೀರೋ, ಅಲ್ಲಿ ಈಗ ಹಗಲೋ ರಾತ್ರಿಯೋ ತಿಳಿಯದ ಕಾರಣ ಈ ನಮಸ್ಕಾರವನ್ನು ಎಲ್ಲ ವೇಳೆಗೂ ಸಲ್ಲುವಂತೆ ಮಾಡಿದ್ದೇನೆ, ಅನುಕೂಲವಾದಾಗ ಸ್ವೀಕರಿಸಬೇಕು. ತಮಗೆ ಕನ್ನಡ ಬರುವುದಿಲ್ಲವೆಂದು ಬಲ್ಲೆ. ಆದರೂ ದೂರು ಕೊಡುವುದಿದ್ದರೆ ತಪ್ಪು ಮಾಡಿದವರಿಗೆ ಅರ್ಥವಾಗದ ಹಾಗೆ ಕೊಡಬೇಕೆಂಬುದು ನಮ್ಮ ಕಚೇರಿಗಳು ನನಗೆ ಕಲಿಸಿದ ಶಿಷ್ಟಾಚಾರ, ಅದನ್ನು ಮೀರಲು ನನಗೆ ಧೈರ್ಯವಿಲ್ಲ.

ನನ್ನ ಹೆಸರು ಅನ್ನಪೂರ್ಣಾ. ಇಲ್ಲಿಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ. ತಮ್ಮಲ್ಲಿ ಅತಿಥಿಗೆ ಕುರ್ಚಿ ಹಾಕಿ ಚಹಾ ಕೊಡುವ ಪದ್ಧತಿ ಇರಬಹುದು. ಇಲ್ಲಿ ಪ್ರತಿ ವರ್ಷ ಬೇಸಿಗೆ ರಜೆ ಮುಗಿಯುತ್ತಲೇ, ಈ ವರ್ಷವೂ ಬರಲೇ ಎಂದು ತಾವೇ ಕೇಳಿಕೊಂಡು ಬರುವವರಿಗೆ ಆ ಹೆಸರಿದೆ. ತಾವು ಕಾಲೇಜು ಮಕ್ಕಳಿಗಾಗಿ ಅನ್ವಯಿಕ ಗಣಿತ ಮತ್ತು ಸಂಖ್ಯಾಶಾಸ್ತ್ರದ ಒಂದು ದೊಡ್ಡ ಪಠ್ಯಪುಸ್ತಕ ಬರೆದು, ಬೇಕಾದವರು ಪುಕ್ಕಟೆಯಾಗಿ ತೆಗೆದುಕೊಳ್ಳಲಿ ಎಂದು ಅಂತರ್ಜಾಲದಲ್ಲಿ ಬಿಟ್ಟುಬಿಟ್ಟಿದ್ದೀರಿ. ನನ್ನ ದೂರು ಇರುವುದು ಅದರ ಮೇಲೆಯೇ. ಹಾಗೆ ಬಿಡುವ ಮುಂಚೆ, ಅದು ನಮ್ಮಂಥವರ ಕೈಗೆ ಬಂದರೆ ಏನಾದೀತು ಎಂದು ಏಳು ಜನರಲ್ಲಿ ಒಬ್ಬರಾದರೂ ವಿಚಾರ ಮಾಡಬಾರದಿತ್ತೇ?

ನಮ್ಮ ಕಡೆಗೆ ಪುಕ್ಕಟೆ ಎಂಬುದು ಹೊಸದೇನಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ತಾಲೂಕಿಗೆ ಬಂದರೂ ತಮಗೆ ಪುಕ್ಕಟೆ ನೀರು, ಪುಕ್ಕಟೆ ನೆರಳು, ಪುಕ್ಕಟೆ ಊಟ ಸಿಗುತ್ತದೆ. ಆದರೆ ಕೊಟ್ಟವರ ಹೆಸರು ಅದರ ಮೇಲೆ ಇದ್ದೇ ಇರುತ್ತದೆ. ಗುಡಿಯ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ತಂದೆ, ತಾಯಿ, ಮಗ ಎಂದು ಮೂರು ಹೆಸರು ಬರೆದಿರುತ್ತಾರೆ, ತಿರುಗಿದರೆ ಓದಲಾಗುವುದಿಲ್ಲವೆಂದು ಕಡು ಬೇಸಿಗೆಯಲ್ಲಿ ಅದನ್ನು ಬಂದ್ ಇಟ್ಟದ್ದನ್ನೂ ನಾನು ಕಂಡಿದ್ದೇನೆ. ನೀರಿನ ಟಾಕಿಯ ಮೇಲೆ, ಸ್ಟೀಲ್ ಲೋಟದ ಮೇಲೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೂ ಆರಕ್ಕೂ ನಡುವೆ, ಎಲ್ಲೆಲ್ಲಿಯೂ ದಾನಿಗಳಿದ್ದಾರೆ. ಸ್ಮಶಾನಕ್ಕೆ ಒಯ್ಯುವ ಮುಕ್ತಿವಾಹನದ ಎರಡೂ ಮಗ್ಗುಲಿಗೆ ದಾನಿಗಳ ಹೆಸರು ಮೊಬೈಲ್ ನಂಬರ್ ಸಮೇತ ಇದೆ, ಒಳಗೆ ಮಲಗಿದವರು ಫೋನ್ ಹಚ್ಚಿ ಕೃತಜ್ಞತೆ ಹೇಳಲಿ ಎಂದಿರಬೇಕು. ಕೊಟ್ಟವರನ್ನು ನೆನೆಯುವುದು ಒಳ್ಳೆಯ ಗುಣವೇ, ನಾನು ಅಲ್ಲಗಳೆಯುವುದಿಲ್ಲ. ಆ ಟಾಕಿಯ ನೀರನ್ನು ನಾನೂ ದಿನಾಲು ಕುಡಿಯುತ್ತೇನೆ.

ಇಂಥ ನಾಡಿಗೆ ತಮ್ಮ ಪುಸ್ತಕ ಬಂದದ್ದು ನಮ್ಮ ಪಠ್ಯಕ್ರಮ ಬದಲಾದ ವರ್ಷ. ಹೊಸ ಪಠ್ಯಕ್ರಮ ಬಂದಿತ್ತು, ಅದಕ್ಕೆ ತಕ್ಕ ಕನ್ನಡ ಪುಸ್ತಕ ಬಂದಿರಲಿಲ್ಲ. ಇದ್ದ ಇಂಗ್ಲಿಷ್ ಪುಸ್ತಕಗಳನ್ನು ಕೊಳ್ಳುವುದು ನಮ್ಮ ಹುಡುಗರಿಗೆ ಆಗುತ್ತಿರಲಿಲ್ಲ, ಕೊಂಡವರಿಗೆ ಓದಲು ಆಗುತ್ತಿರಲಿಲ್ಲ. ನಾನು ಹುಡುಕುತ್ತ ಹುಡುಕುತ್ತ ತಮ್ಮ ಪುಸ್ತಕವನ್ನು ಮುಟ್ಟಿ, ತರಗತಿಯಲ್ಲಿ ತೋರಿಸಿ, ಇದು ಪುಕ್ಕಟೆ ಎಂದೆ. ಹಿಂದಿನ ಬೆಂಚಿನಿಂದ ಸಂಗೊಳ್ಳಿಯ ಯುವರಾಜ ಎದ್ದು ನಿಂತು, "ಪುಕ್ಕಟೆ ಕೊಡಾಕ ಹತ್ಯಾರಂದ್ರ ತಾರೀಖ ಮುಗದಿರಬೇಕ್ರಿ ಮೇಡಂ" ಎಂದು ಅತ್ಯಂತ ಮರ್ಯಾದೆಯಿಂದ ಹೇಳಿದ. ಔಷಧದ ವಿಷಯದಲ್ಲಿ ಅವನ ಅನುಭವ ಅದಿರಬಹುದು, ನನಗೂ ಒಳಗೊಳಗೆ ಅದೇ ಅನುಮಾನವಿತ್ತು.

ಆದ್ದರಿಂದ ತಮ್ಮ ಪರವಾನಗಿಯ ಪುಟವನ್ನು ನಾನು ಸಾಲದ ಪತ್ರ ಓದುವವರ ಹಾಗೆ ಬೆರಳಿಟ್ಟು ಓದಿದೆ. ಈ ಪುಸ್ತಕವನ್ನು ಯಾರಾದರೂ ನಕಲು ಮಾಡಬಹುದು, ಮುದ್ರಿಸಬಹುದು, ಹಂಚಬಹುದು, ಬೇರೆ ಭಾಷೆಗೆ ತರಬಹುದು, ಅವರವರ ಊರಿಗೆ ಹೊಂದುವಂತೆ ಬದಲಾಯಿಸಬಹುದು, ಯಾರ ಅಪ್ಪಣೆಯೂ ಬೇಡ ಎಂದು ಬರೆದಿದ್ದಿರಿ. ಇದಕ್ಕೆ ಪ್ರತಿಯಾಗಿ ತಾವು ಕೇಳಿದ್ದು ಒಂದೇ ಒಂದು, ಬರೆದವರ ಹೆಸರನ್ನು ಹೇಳಬೇಕು, ಬದಲಾಯಿಸಿದ್ದರೆ ಏನು ಬದಲಾಯಿಸಿದೆವೆಂದು ಹೇಳಬೇಕು. ಇದನ್ನೋದಿ ನಾನು ನಕ್ಕುಬಿಟ್ಟೆ. ಹೆಸರು ಹಾಕುವುದನ್ನು ನಮಗೆ ಹೇಳಿಕೊಡಬೇಕೇ, ಫ್ಯಾನಿನ ರೆಕ್ಕೆಯನ್ನೂ ಬಿಡದವರು ನಾವು ಎಂದುಕೊಂಡು, ಮರುದಿನವೇ ಹುಡುಗರಿಗೆ ಅಧ್ಯಾಯಗಳನ್ನು ಹಂಚಿದೆ.

ಹಂಚಿದ್ದು ಹತ್ತಾರು ಜನರಿಗಾದರೂ ಕೆಲಸವನ್ನು ಹೊತ್ತುಕೊಂಡವಳು ಒಬ್ಬಳೇ. ಅವಳ ಹೆಸರು ರೇಣು. ರಾಮದುರ್ಗ ತಾಲೂಕಿನ ಕಟಕೋಳದವಳು, ತಂದೆ ಭೀಮಶಿ ಅಲ್ಲಿ ನೀರೆತ್ತುವ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ರೇಣು ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಮಾತು ಕಡಿಮೆ, ಆದರೆ ತಪ್ಪು ಕಂಡರೆ ಕೈ ಎತ್ತದೆ ಇರುವುದಿಲ್ಲ. ತಮ್ಮ ಮೂರನೆಯ ಅಧ್ಯಾಯದ ಲೆಕ್ಕಗಳಲ್ಲಿ ಬಿದ್ದ ಹಿಮವನ್ನೆಲ್ಲ ಅವಳು ಗೋರಿ ತೆಗೆದು, ಆ ಜಾಗದಲ್ಲಿ ದೊಡವಾಡದ ಬಸ್ಸಿಗೆ ಕಾಯುವ ಮಂದಿಯನ್ನು ನಿಲ್ಲಿಸಿದಳು. ಮನೆಗೆ ತಡವಾಗಿ ಬರುವ ಪಿಜ್ಜಾವನ್ನು ತೆಗೆದು ಹುಣ್ಣಿಮೆಯ ದಿನ ಸವದತ್ತಿಯ ಗುಡ್ಡ ಹತ್ತುವ ವಾಹನಗಳ ಲೆಕ್ಕ ಹಾಕಿಸಿದಳು. ತಮ್ಮ ಕಾರ್ಖಾನೆಯ ಬಲ್ಬುಗಳಲ್ಲಿದ್ದ ದೋಷಗಳು ರಾಮದುರ್ಗದ ಮಗ್ಗದ ಸೀರೆಗಳಲ್ಲಿ ತಪ್ಪಿದ ಎಳೆಗಳಾದವು. ಆ ಎಳೆಗಳನ್ನು ಎಣಿಸಲು ಅವಳು ಒಂದು ರಜೆಯನ್ನೆಲ್ಲ ನೇಕಾರರ ಓಣಿಯಲ್ಲಿ ಕಳೆದಳು, ಅಂದಾಜಿನ ಅಂಕಿ ಹಾಕು ಎಂದರೆ ಕೇಳಲಿಲ್ಲ. "ಸುಳ್ಳ ಅಂಕಿ ಹಾಕಿ ಖರೆ ಸೂತ್ರ ಕಲಸೂದ ಹೆಂಗ್ರಿ ಮೇಡಂ" ಎಂದು ನನ್ನನ್ನೇ ಕೇಳಿದಳು. ತಾವು ಬರೆದ ಪುಸ್ತಕ ಹೀಗೆ ಅವಳ ಪದವಿಯ ಮೂರು ವರ್ಷಗಳನ್ನು ತಿಂದಿತು, ಇದನ್ನೂ ದೂರಿನ ಜೊತೆಗೆ ಸೇರಿಸಿಕೊಳ್ಳಬೇಕು.

ಪುಸ್ತಕ ಸಿದ್ಧವಾಯಿತು. ಮೊದಲ ಪುಟದಲ್ಲಿ ತಮ್ಮ ಏಳೂ ಜನರ ಹೆಸರು, ಎರಡನೆಯದರಲ್ಲಿ ತಮ್ಮ ಪರವಾನಗಿ, ಮೂರನೆಯದರಲ್ಲಿ ಕನ್ನಡಕ್ಕೆ ತಂದ ರೇಣು ಮತ್ತು ಗೆಳೆಯರ ಹೆಸರು, ಕೊನೆಗೆ ಸಂಖ್ಯಾಶಾಸ್ತ್ರದವರು ಹೆಜ್ಜೆ ಹೆಜ್ಜೆಗೂ ತಿರುವಿ ನೋಡಬೇಕಾದ ಅಂಕಿಗಳ ಕೋಷ್ಟಕಗಳು. ಇಷ್ಟನ್ನು ಹಿಡಿದು ನಮ್ಮ ಪ್ರಾಚಾರ್ಯರಾದ ನಿಜಗುಣಪ್ಪ ಸರ್ ಅವರ ಕೋಣೆಗೆ ಹೋದೆ. ಅವರು ಸಜ್ಜನರು, ಯಾರಿಗೂ ಇಲ್ಲ ಎನ್ನುವವರಲ್ಲ, ಹಾಗೆಂದೇ ಯಾರಿಗೆ ಹೂಂ ಎಂದರೆಂದು ಅವರಿಗೇ ನೆನಪಿರುವುದಿಲ್ಲ. ಮುದ್ರಿಸಿ ಬಡ ಮಕ್ಕಳಿಗೆ ಹಂಚೋಣ ಎಂಬ ಮಾತು ಅವರಿಗೆ ಬಹಳ ಸೇರಿತು. ಆದರೆ ಆಡಳಿತ ಮಂಡಳಿಯ ಸಭೆಯಲ್ಲಿ ಇದರ ದಾನಿಗಳು ಯಾರು ಎಂಬ ಪ್ರಶ್ನೆ ಬಂತು. ಯಾರೂ ಇಲ್ಲ, ಬರೆದವರೇ ಲೋಕಕ್ಕೆ ಬಿಟ್ಟಿದ್ದಾರೆ ಎಂದೆ. ದಾನಿಗಳಿಲ್ಲದ ದಾನ ಎಂದರೆ ಅದರ ಹಿಂದೆ ಏನೋ ಇದೆ ಎಂದು ಒಬ್ಬರಿಗೆ ಅನ್ನಿಸಿತು, ಹೊರದೇಶದವರು ಆಮೇಲೆ ಬಂದು ಕಾಲೇಜನ್ನೇ ಕೇಳಿದರೆ ಏನು ಮಾಡುವುದು ಎಂದು ಇನ್ನೊಬ್ಬರಿಗೆ ಚಿಂತೆಯಾಯಿತು.

ಆಗ ಮುಂದೆ ಬಂದವರು ಮಂಡಳಿಯ ಹಿರಿಯ ಸದಸ್ಯರೂ ಸಿಮೆಂಟು ಕಬ್ಬಿಣದ ವ್ಯಾಪಾರಸ್ಥರೂ ಆದ ಶಂಕ್ರೆಪ್ಪ ಸಾಹುಕಾರರು. "ಯಾರೂ ಇಲ್ಲಂದ್ರ ನಂದ ಹಾಕ್ರಿ, ಮುದ್ರಣ ನಾ ನೋಡಕೋತೇನಿ" ಎಂದರು. ಇದರಲ್ಲಿ ಕಪಟ ಇರಲಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ನಮ್ಮ ಕಾಲೇಜಿನ ಟಾಕಿ, ಫ್ಯಾನು, ಗಂಟೆ ಎಲ್ಲವೂ ಅವರವೇ, ಕೇಳಿದ್ದಕ್ಕೆ ಕೈ ಹಿಂದೆ ತೆಗೆಯದ ಮನುಷ್ಯ. ಮುದ್ರಣದ ಖರ್ಚು ಕೊಟ್ಟವರಿಗೆ ಒಂದು ಪುಟದ ಕೃತಜ್ಞತೆ ಸಲ್ಲಲೇಬೇಕು, ನಾನೇ ಬರೆದುಕೊಟ್ಟೆ. ಉಳಿದದ್ದನ್ನು ಪ್ರೆಸ್ಸಿನವರೂ ಪ್ರಾಚಾರ್ಯರೂ ಕೂಡಿ ಮಾಡಿದರು, ಅತಿಥಿಯನ್ನು ತೊಂದರೆಪಡಿಸುವುದು ಬೇಡವೆಂದು ನನ್ನನ್ನು ಕರೆಯಲಿಲ್ಲ.

ಅಚ್ಚಾಗಿ ಬಂದ ಪುಸ್ತಕದ ವರ್ಣನೆಗೆ ನನ್ನಲ್ಲಿ ಶಬ್ದಗಳು ಸಾಲವು, ಆದರೂ ಪ್ರಯತ್ನಿಸುತ್ತೇನೆ. ಮೊದಲ ಪುಟದಲ್ಲಿ ಸಾಹುಕಾರರ ಬಣ್ಣದ ಭಾವಚಿತ್ರ, ಕೆಳಗೆ 'ಗ್ರಂಥದಾನಿಗಳು'. ಎರಡನೆಯದರಲ್ಲಿ ಅವರ ಧರ್ಮಪತ್ನಿ ಗುರವ್ವನವರು. ಮೂರನೆಯದರಲ್ಲಿ ಗಣ್ಯರ ಶುಭಾಶಯ, ಅದರಲ್ಲಿ ಸಂಖ್ಯಾಶಾಸ್ತ್ರವು ನಮ್ಮ ಸಂಸ್ಕೃತಿಯ ಪ್ರತೀಕವೆಂದು ಬರೆದಿದೆ, ನಾನೂ ಒಪ್ಪುತ್ತೇನೆ, ಯಾಕೆಂದರೆ ಬೇಡ ಎನ್ನಲು ಅದು ಏನೆಂದು ತಿಳಿದಿಲ್ಲ. ಪುಟಗಳು ಹೆಚ್ಚಾಗುತ್ತವೆಂದು ಪ್ರೆಸ್ಸಿನವರು ಹೇಳಿದಾಗ, ಕೆಲಸಕ್ಕೆ ಬಾರದ ಪುಟಗಳನ್ನು ತೆಗೆಯಿರಿ ಎಂದು ಅಪ್ಪಣೆಯಾಯಿತಂತೆ. ಅವರು ಹುಡುಕಿ ತೆಗೆದದ್ದು ತಮ್ಮ ಏಳು ಜನರ ಹೆಸರಿನ ಪುಟ, ಪರವಾನಗಿಯ ಪುಟ, ರೇಣು ಮತ್ತು ಗೆಳೆಯರ ಪುಟ, ಮತ್ತು ಕೊನೆಯ ಕೋಷ್ಟಕಗಳು. "ಬರೇ ಅಂಕಿ ಅದಾವ್ರಿ, ಅದರಾಗ ಓದೂದಕ್ಕ ಏನೈತಿ" ಎಂದು ಪ್ರಾಚಾರ್ಯರು ಆಮೇಲೆ ನನಗೆ ಸಮಾಧಾನ ಹೇಳಿದರು. ಖಾಲಿಯಾದ ಆ ಕೊನೆಯ ಪುಟಗಳಲ್ಲಿ ಸಾಹುಕಾರರ ಮೊಮ್ಮಗನ ಜಾವಳದ ಚಿತ್ರಗಳು ಬಂದಿವೆ. 'ಪುಸ್ತಕದ ಕೊನೆಯ ಕೋಷ್ಟಕವನ್ನು ನೋಡಿ' ಎಂದು ತಾವು ಬರೆದಲ್ಲೆಲ್ಲ ನಮ್ಮ ಮಕ್ಕಳು ಶ್ರದ್ಧೆಯಿಂದ ಪುಟ ತಿರುವುತ್ತಾರೆ, ಮತ್ತು ಸಂಭವನೀಯತೆ ಇರಬೇಕಾದಲ್ಲಿ ಆ ಕೂಸಿನ ಬೋಳಿಸಿದ ತಲೆ ಕಾಣುತ್ತದೆ. ರಟ್ಟಿನ ಹಿಂಭಾಗಕ್ಕೆ ಒಂದು ಸಾಲು, ಎಲ್ಲ ಹಕ್ಕುಗಳನ್ನು ದಾನಿಗಳು ಕಾಯ್ದಿರಿಸಿದ್ದಾರೆ. ಇದು ಯಾರ ಹೊಟ್ಟೆಕಿಚ್ಚಿನ ಕೆಲಸವೂ ಅಲ್ಲ, ಪ್ರೆಸ್ಸಿನವರು ಪ್ರತಿ ಪುಸ್ತಕಕ್ಕೂ ಹಾಕುವ ಸಾಲು. ಬರೆದವರ ಹೆಸರೇ ಇಲ್ಲದ್ದರಿಂದ ಇದ್ದವರ ಹೆಸರಿಗೆ ಜೋಡಿಸಿದರು.

ಆದುದರಿಂದ ಮುಂದಿನ ಆವೃತ್ತಿಯಲ್ಲಿ ತಾವು ಕೆಲವು ಸುಧಾರಣೆಗಳನ್ನು ಮಾಡಿಕೊಡಬೇಕೆಂದು ಕೈಮುಗಿದು ಬೇಡುತ್ತೇನೆ. ಆರಂಭದಲ್ಲಿ ಭಾವಚಿತ್ರಗಳಿಗಾಗಿ ಎಂಟು ಪುಟ ಖಾಲಿ ಬಿಡಿ. ಸರಾಸರಿಯನ್ನು ಯಾರಾದರೂ ತಮ್ಮ ತಂದೆಯವರ ಸ್ಮರಣಾರ್ಥ ಕೊಡಮಾಡುವಂತೆ, ಮಧ್ಯಾಂಕವನ್ನು ಬಳಗದವರು ಕೂಡಿ ಕೊಡಮಾಡುವಂತೆ ವ್ಯವಸ್ಥೆ ಮಾಡಿ. ಕೋಷ್ಟಕದ ಪ್ರತಿ ಅಂಕಿಯ ಪಕ್ಕಕ್ಕೂ ಒಬ್ಬೊಬ್ಬ ದಾನಿಯ ಹೆಸರು ಹಾಕಿದರೆ ಅದನ್ನು ಕೀಳುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲವೆಂದು ನಾನು ಜವಾಬ್ದಾರಿಯಿಂದ ಹೇಳುತ್ತೇನೆ. ಮತ್ತು ಏಳೂ ಜನ ಒಮ್ಮೆ ಇಲ್ಲಿಗೆ ಬಂದು ಶಾಲು ಹೊದೆಸಿಕೊಂಡು ಹೋಗಬೇಕು. ಶಾಲು ಹೊದೆಯದ ಲೇಖಕರು ಲೇಖಕರೆಂದು ನಮ್ಮಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಬಿಡುಗಡೆ ಸಮಾರಂಭಕ್ಕೆ ತಾವು ಇಲ್ಲದಿದ್ದುದು ಕೊರತೆಯೆಂದು ಯಾರಿಗೂ ಅನ್ನಿಸಲಿಲ್ಲ. ವೇದಿಕೆಯ ಮೇಲೆ ಹದಿನಾರು ಜನರಿಗೆ ಹಾರ ಬಿದ್ದವು. ರೇಣುವಿಗೂ ಗೌರವದ ಕೆಲಸವಿತ್ತು, ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕಗಳ ತಟ್ಟೆ ಹಿಡಿದು ಗಣ್ಯರ ಮುಂದೆ ನಿಲ್ಲುವುದು. ತಾನು ಕನ್ನಡಕ್ಕೆ ತಂದ ಪುಸ್ತಕವನ್ನು ಅವಳು ತಟ್ಟೆಯಲ್ಲಿ ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತಳು, ಕಾಗದ ಬಿಚ್ಚಿದ ಮೇಲೆ ತಾನೂ ಎಲ್ಲರ ಜೊತೆಗೆ ಮೊದಲ ಸಲ ಅದರ ಒಳಗೆ ನೋಡಿದಳು. ಪುಟ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ನನ್ನ ಕಡೆಗೆ ನೋಡಿದಾಗ ನಾನು ನೆಲ ನೋಡಿದೆ, ಮತ್ತೇನು ಮಾಡಲಿ.

ಸಾಹುಕಾರರು ಉದಾರಿಗಳಾದ್ದರಿಂದ ನಾಲ್ಕೂ ತಾಲೂಕಿನ ಕಾಲೇಜುಗಳಿಗೆ ಪ್ರತಿಗಳನ್ನು ಕಳಿಸಿದರು. ಪರೀಕ್ಷೆ ಹತ್ತಿರ ಬಂದಾಗ ರಾಮದುರ್ಗ, ಸವದತ್ತಿಯ ಹುಡುಗರು ಲೆಕ್ಕ ಬಿಡಿಸುತ್ತ ಕೂತು ಕೋಷ್ಟಕ ಎಲ್ಲಿ ಎಂದು ಹುಡುಕತೊಡಗಿದರು. ರೇಣುವಿನ ಗೆಳತಿಯೊಬ್ಬಳು ರಾಮದುರ್ಗದಲ್ಲಿ ಓದುತ್ತಾಳೆ, ಅವಳು ಕೇಳಿದಳು. ರೇಣು ತನ್ನಲ್ಲಿದ್ದ ಪೂರ್ತಿ ಪುಸ್ತಕವನ್ನು, ತಮ್ಮ ಹೆಸರು, ಪರವಾನಗಿ, ಕೋಷ್ಟಕ ಎಲ್ಲ ಇದ್ದದ್ದನ್ನು, ಫೋನಿನಲ್ಲಿ ಕಳಿಸಿಕೊಟ್ಟಳು. ಮೂರು ದಿನದಲ್ಲಿ ಅದು ಕಿತ್ತೂರಿನ ಹುಡುಗರ ಗುಂಪಿಗೂ ಹೋಯಿತು. ಅಲ್ಲಿಂದ ಯಾರದೋ ಕೈಯಿಂದ ನಮ್ಮ ಮಂಡಳಿಯವರ ಫೋನಿಗೂ ಬಂದು ಇಳಿಯಿತು. ದಾನಿಗಳ ಪುಸ್ತಕವನ್ನು ಯಾರೋ ಕದ್ದು ಹಂಚುತ್ತಿದ್ದಾರೆ, ಅಷ್ಟೇ ಅಲ್ಲ, ದಾನಿಗಳ ಭಾವಚಿತ್ರವನ್ನು ಕಿತ್ತುಹಾಕಿ ಯಾರೋ ಹೊರದೇಶದವರ ಹೆಸರು ಸೇರಿಸಿದ್ದಾರೆ ಎಂದು ಗದ್ದಲವೆದ್ದಿತು.

ಆ ಪ್ರತಿಯಲ್ಲಿ ಅವಳ ಹೆಸರೂ ಇದ್ದುದರಿಂದ ರೇಣುವಿಗೆ ನೋಟಿಸು ಬಂತು. ಕಾಲೇಜಿನ ಪುಸ್ತಕವನ್ನು ಅಪ್ಪಣೆಯಿಲ್ಲದೆ ನಕಲು ಮಾಡಿ ದಾನಿಗಳಿಗೆ ಅಗೌರವ ಮಾಡಿದ್ದಕ್ಕೆ ಲಿಖಿತ ಕ್ಷಮಾಪಣೆ ಕೊಡಬೇಕು, ಕೊಡುವವರೆಗೆ ಕೊನೆಯ ಸೆಮಿಸ್ಟರಿನ ಹಾಲ್ ಟಿಕೆಟ್ ಸಿಗುವುದಿಲ್ಲ. ಮಾನ್ಯರೇ, ಇದನ್ನು ತಾವು ಮತ್ತೊಮ್ಮೆ ಓದಬೇಕು. ಪುಸ್ತಕವನ್ನು ಕನ್ನಡಕ್ಕೆ ತಂದವಳ ಮೇಲೆ ಆ ಪುಸ್ತಕವನ್ನು ಕದ್ದ ಆಪಾದನೆ. ಹಂಚಿರಿ ಎಂದು ಬರೆದವರೇ ಹೇಳಿದ್ದನ್ನು ಹಂಚಿದ್ದಕ್ಕೆ ಪರೀಕ್ಷೆಯ ಬಾಗಿಲು ಬಂದ್. ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಪ್ರವೇಶ ಪರೀಕ್ಷೆಗೆ ಹೆಸರು ಹಚ್ಚಿದ್ದಳು, ಈ ಸೆಮಿಸ್ಟರ್ ತಪ್ಪಿದರೆ ಅದೂ ಹೋದಂತೆಯೇ. ನಾನು ಪ್ರಾಚಾರ್ಯರ ಎದುರು ನಿಂತು ತಮ್ಮ ಪರವಾನಗಿಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಅತ್ಯಂತ ಮೃದುವಾಗಿ, "ನೀವು ಹೇಳೂದು ಖರೇನ ಇರಬೇಕ್ರಿ ಮೇಡಂ, ಆದ್ರ ಎರಡ ಸಾಲ ಬರದ ಕೊಟ್ರ ಎಲ್ಲಾರಿಗೂ ಸಮಾಧಾನ ಆಗತೈತಿ" ಎಂದರು. ನನ್ನ ಮುಂದಿನ ವರ್ಷದ ನೇಮಕದ ಕಾಗದ ಅವರ ಮೇಜಿನ ಮೇಲೆಯೇ ಇದೆ ಎಂದೂ ಹೇಳಿದರು. ಅದನ್ನು ಅವರು ಬೆದರಿಕೆಗಾಗಿ ಹೇಳಲಿಲ್ಲ, ಕಾಗದ ನಿಜಕ್ಕೂ ಅಲ್ಲಿಯೇ ಇತ್ತು.

ಮರುದಿನ ಕಟಕೋಳದಿಂದ ಭೀಮಶಿಯವರು ಬಂದರು. ಅಂಗಡಿ ಮುಚ್ಚಿ ಮೊದಲ ಬಸ್ಸಿಗೇ ಬಂದಿದ್ದರು. ಪ್ರಾಚಾರ್ಯರು ಅವರಿಗೆ ಪುಸ್ತಕದ ಒಂದು ಪ್ರತಿ ಕೊಟ್ಟು, ನೋಡಿರಿ, ಎಂಥ ದೊಡ್ಡವರ ದಾನಕ್ಕೆ ನಿಮ್ಮ ಮಗಳು ಅಗೌರವ ಮಾಡಿದ್ದಾಳೆಂದು ವಿವರಿಸಿದರು. ಭೀಮಶಿ ನಿಂತುಕೊಂಡೇ ಮೊದಲಿನಿಂದ ಒಂದೊಂದೇ ಪುಟ ತಿರುವಿದರು, ಕೊನೆಯ ಜಾವಳದವರೆಗೂ ಹೋದರು. "ಇದರಾಗ ನನ್ನ ಮಗಳ ಹೆಸರ ಎಲ್ಲೈತ್ರಿ?" ಎಂದು ಕೇಳಿದರು. "ಆಕಿ ಹೆಸರ ಹಾಲ್ ಟಿಕೆಟ್ ಮ್ಯಾಲ ಬರತೈತಲ್ರಿ" ಎಂದು ಪ್ರಾಚಾರ್ಯರು ನಗಲು ನೋಡಿದರು. ಭೀಮಶಿ ನಗಲಿಲ್ಲ. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಹೊರಗೆ ನಿಂತಿದ್ದ ಮಗಳನ್ನು ಕರೆದು, "ಬರದ ಕೊಡವಾ. ಆದ್ರ ಖರೆ ಇದ್ದದ್ದಷ್ಟ ಬರಿ" ಎಂದು ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ರೇಣು ಖರೆ ಇದ್ದದ್ದಷ್ಟನ್ನೇ ಬರೆದಳು. ಈ ಪುಸ್ತಕವನ್ನು ಮೂಲದಲ್ಲಿ ಬರೆದವರು ಇಂಥ ಏಳು ಜನ ಎಂದು ತಮ್ಮೆಲ್ಲರ ಹೆಸರನ್ನೂ ಬರೆದಳು. ಇದನ್ನು ಅವರು ಎಲ್ಲರಿಗೂ ಪ್ರತಿಫಲವಿಲ್ಲದೆ ಕೊಟ್ಟಿದ್ದಾರೆಂದು, ಯಾರು ಬೇಕಾದರೂ ಹಂಚಬಹುದೆಂದು, ಮೂಲ ಇಂಥಲ್ಲಿ ಸಿಗುತ್ತದೆಂದು ಬರೆದಳು. ಕನ್ನಡಕ್ಕೆ ತಂದವರೆಂದು ತನ್ನ, ಯುವರಾಜನ, ಉಳಿದ ಗೆಳೆಯರ ಹೆಸರನ್ನು ಬರೆದು, ಹಿಮದ ಬದಲು ಬಸ್ಸು, ಬಲ್ಬಿನ ಬದಲು ಸೀರೆ ಎಂದು ಬದಲಾಯಿಸಿದ್ದನ್ನೂ ಸೂಚಿಸಿದಳು. ಕೊನೆಗೆ, 'ಮೇಲಿನವರೆಲ್ಲರ ಹೆಸರನ್ನು ಬಿಟ್ಟು ಈ ಪುಸ್ತಕವನ್ನು ಮುದ್ರಿಸಿ ಹಂಚಿದ್ದು ತಪ್ಪು, ಅದಕ್ಕಾಗಿ ಕ್ಷಮೆ ಕೋರಲಾಗಿದೆ' ಎಂದು ಮುಗಿಸಿ ಸಹಿ ಹಾಕಿದಳು. ಪ್ರಾಚಾರ್ಯರಿಗೆ ಅಂದು ಬೇರೆ ಸಭೆಯಿತ್ತು. ಕೊನೆಯ ಸಾಲಿನಲ್ಲಿ 'ಕ್ಷಮೆ' ಕಂಡಿತು, ಮೊಹರು ಒತ್ತಿದರು.

ನಮ್ಮ ಕಾಲೇಜಿನಲ್ಲಿ ಕ್ಷಮಾಪಣೆಗೊಂದು ಪದ್ಧತಿ ಇದೆ. ಅದನ್ನು ಕಡತದಲ್ಲಿ ಮುಚ್ಚಿಡುವುದಿಲ್ಲ, ಮೊಹರು ಬಿದ್ದ ಮೇಲೆ ಬಾಗಿಲ ಬಳಿಯ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ, ಬರೆದವರಿಗೆ ನಾಚಿಕೆಯಾಗಲಿ, ಉಳಿದವರಿಗೆ ಪಾಠವಾಗಲಿ ಎಂದು. ಹೋದ ವರ್ಷ ಆವರಣದ ಮಾವಿನಕಾಯಿ ಕಿತ್ತವನ ಕ್ಷಮಾಪಣೆ ಮಳೆಗಾಲ ಬರುವವರೆಗೂ ಅಲ್ಲಿತ್ತು. ಪದ್ಧತಿಯಂತೆ ಸಿಪಾಯಿ ಹನುಮಪ್ಪ ರೇಣುವಿನದನ್ನೂ ಹಚ್ಚಿದ. ಹೀಗೆ, ಮುದ್ರಿತ ಪುಸ್ತಕದಲ್ಲಿ ಎಲ್ಲಿಯೂ ಇಲ್ಲದ ತಮ್ಮ ಹೆಸರುಗಳು, ಪ್ರಾಚಾರ್ಯರ ಮೊಹರಿನ ಸಮೇತ, ಕಾಲೇಜಿನ ಬಾಗಿಲಲ್ಲಿ ತೂಗಿದವು. ಹುಡುಗರು ಗುಂಪುಗೂಡಿ ಅದರ ಫೋಟೊ ತೆಗೆದುಕೊಳ್ಳತೊಡಗಿದರು.

ಆ ಗುಂಪನ್ನು ಕಂಡು, ಸಭೆಗೆಂದು ಬಂದ ಶಂಕ್ರೆಪ್ಪ ಸಾಹುಕಾರರೂ ನಿಂತರು. ಚಷ್ಮಾ ಹಾಕಿಕೊಂಡು ನಿಧಾನವಾಗಿ ಓದಿದರು. ಪ್ರಾಚಾರ್ಯರು ಒಳಗಿಂದ ಓಡಿ ಬಂದು ತಾವೂ ಓದಿದರು, ಅಂದರೆ ಮೊದಲ ಸಲ ಓದಿದರು. ಸಾಹುಕಾರರು ಕೇಳಿದ್ದು ಇಷ್ಟೇ, "ಇಷ್ಟ ಮಂದಿ ಹೆಸರ ಅದಾವು, ನಂದ್ಯಾಕಿಲ್ರಿ?" ಅದು ಬೇರೆ ಥರದ ಕಾಗದ ಎಂದು ಪ್ರಾಚಾರ್ಯರು ಹೇಳುವಷ್ಟರಲ್ಲಿ, "ಪುಸ್ತಕ ಮುದ್ರಿಸಿದಾಂವ ನಾನ ಹೌದಲ್ರಿ" ಎನ್ನುತ್ತ ಕಿಸೆಯಿಂದ ಪೆನ್ನು ತೆಗೆದು, ಕ್ಷಮೆ ಕೋರಿದ ಸಾಲಿನ ಕೆಳಗೆ, ರೇಣುವಿನ ಸಹಿಯ ಪಕ್ಕಕ್ಕೆ, ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರನ್ನೂ ಮೊಬೈಲ್ ನಂಬರನ್ನೂ ಬರೆದರು. ಹೋಗುವಾಗ ರೇಣುವನ್ನು ನೋಡಿ, "ಛಲೋ ಬರದಿ ತಂಗಿ" ಎಂದರು. ಅವರು ತಿಳಿಯದೆ ಮಾಡಿದರೋ, ಎಲ್ಲ ತಿಳಿದೇ ಮಾಡಿದರೋ ನನಗೆ ಇನ್ನೂ ಗೊತ್ತಾಗಿಲ್ಲ, ಗೊತ್ತು ಮಾಡಿಕೊಳ್ಳುವ ಇಚ್ಛೆಯೂ ಇಲ್ಲ. ದಾನಿಗಳ ಸಹಿ ಬಿದ್ದ ಕಾಗದವನ್ನು ಕೀಳುವವರು ಯಾರೂ ಇಲ್ಲದ್ದರಿಂದ ಅದು ಇಂದಿಗೂ ಅಲ್ಲಿಯೇ ಇದೆ. ರೇಣುವಿಗೆ ಅಂದೇ ಸಂಜೆ ಹಾಲ್ ಟಿಕೆಟ್ ಸಿಕ್ಕಿತು. ರಾಮದುರ್ಗದ ಹುಡುಗರು ಆ ಕಾಗದದ ನಕಲು ತೆಗೆಸಿ ಪ್ರತಿಯೊಂದು ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡಿದ್ದಾರೆ.

ತಾವು ಕೇಳಿದ್ದ ಒಂದೇ ಒಂದು ಬೆಲೆಯನ್ನು ನಾವು ಕೊನೆಗೂ ಸಲ್ಲಿಸಿದೆವೆಂದು ತಿಳಿಸಲು ಸಂತೋಷಪಡಬೇಕು, ಆದರೆ ನನಗೆ ಸಂತೋಷವಾಗಿಲ್ಲ. ಸಲ್ಲಿಸಿದ್ದು ಕಾಲೇಜಲ್ಲ, ಹುಡುಗಿ. ಅದೂ ತಪ್ಪೊಪ್ಪಿಗೆಯ ರೂಪದಲ್ಲಿ. ತನ್ನದೇ ಕೆಲಸಕ್ಕೆ ತಾನೇ ಕಳ್ಳಿ ಎನ್ನಿಸಿಕೊಂಡು ಅವಳು ಆ ಕೋಣೆಯ ಹೊರಗೆ ನಿಂತಿದ್ದಳಲ್ಲ, ಅದನ್ನು ನಾನು ಮರೆತಿಲ್ಲ. ಆದುದರಿಂದ ತಮ್ಮ ಮೇಲಿನ ದೂರನ್ನು ಹಿಂದಕ್ಕೆ ಪಡೆಯುತ್ತಿಲ್ಲ. ತಾವು ಬರೆಯುತ್ತಲೇ ಇರಬೇಕು, ಪುಕ್ಕಟೆಯಾಗಿ ಕೊಡುತ್ತಲೇ ಇರಬೇಕು, ನಾನು ದೂರುತ್ತಲೇ ಇರುತ್ತೇನೆ.

ಇಂತು,
ತಮ್ಮ ಪುಸ್ತಕದಿಂದಲೇ ಪಾಠ ಹೇಳುತ್ತಿರುವ,
ತಮ್ಮ ವಿಶ್ವಾಸಿ,
ಅನ್ನಪೂರ್ಣಾ
ಬೈಲಹೊಂಗಲ

ತಾ.ಕ.: ಈ ಪತ್ರ ಪ್ರಕಟವಾಗುವುದಾದರೆ ಕಾಲೇಜಿನ ಹೆಸರನ್ನು ಮಾತ್ರ ಹಾಕಬಾರದೆಂದು ಪ್ರಾಚಾರ್ಯರು ನನ್ನನ್ನು ಕರೆದು ಕೇಳಿಕೊಂಡಿದ್ದಾರೆ. ದುಡಿದವರ ಹೆಸರನ್ನು ಬಿಡುವುದು ಎಷ್ಟು ಸುಲಭವೆಂದು ಅವರಿಂದಲೇ ಕಲಿತಿದ್ದೇನಾದ್ದರಿಂದ, ಅವರ ಕಾಲೇಜಿನ ಹೆಸರನ್ನು ಬಿಡಲು ನನಗೆ ಯಾವ ಕಷ್ಟವೂ ಆಗಲಿಲ್ಲ.